ಚಿಗರಿ ಹಿಂದೆ ನಾಯಿ ಬಿಟ್ಟರೂ ಅದು ಬೇಟೆಯೇ

ಸೊಲ್ಲಾಪುರ, ಅಕ್ಕಲಕೋಟ ಸೀಮೆಯ ಜೋಳದ ಹೊಲಗಳಲ್ಲಿ ಚಿಗರಿ ಹಿಂಡು ಹೊಸದೇನಲ್ಲ. ಅವುಗಳ ಹಿಂದೆ ಬೇಟೆನಾಯಿ ಬಿಡುವುದೂ ಹೊಸದಲ್ಲ. ಇದಕ್ಕೆ ಕಡಿವಾಣ ಹಾಕಬೇಕು ಎನ್ನುವವರೂ, ನಾಯಿ ಇಲ್ಲದಿದ್ದರೆ ಬೆಳೆ ಉಳಿಯದು ಎನ್ನುವವರೂ ಊರಕಟ್ಟೆಯ ಮೇಲೆ ಎದುರುಬದುರು ಕೂತಿದ್ದಾರೆ. ವಾದ ಬಿಸಿಯಾಗಿದೆ, ಕಾನೂನಿನ ತಿಳಿವಳಿಕೆ ಮಾತ್ರ ಕಡಿಮೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗುಂಡು ಹಾರಿಸುವುದಷ್ಟೇ ಬೇಟೆಯಲ್ಲ. ಉರುಲು ಹಾಕುವುದು, ನಾಯಿ ಬಿಟ್ಟು ಬೆನ್ನಟ್ಟಿಸುವುದು, ಅಂಥ ಪ್ರಯತ್ನ ಮಾಡುವುದು, ಎಲ್ಲವೂ ಬೇಟೆಯೇ. ಚಿಗರಿ, ಅಂದರೆ ಕೃಷ್ಣಮೃಗ, ಮೊದಲನೇ ಅನುಸೂಚಿಯಲ್ಲಿದೆ. ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯಂತೆ ದಂಡವೂ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲ. ‘ನಾ ಕೊಂದಿಲ್ರಿ, ನಾಯಿ ಹಿಡದೈತಿ’ ಎಂಬ ಮಾತು ನಾಯಿ ಛೂ ಬಿಟ್ಟವನನ್ನು ಕಾಪಾಡದು.

ಹಾಗಂತ ರೈತನ ಸಂಕಟ ಸುಳ್ಳಲ್ಲ. ಮಳೆ ನಂಬಿ ಬಿತ್ತಿದ ಜೋಳ, ಕಡಲೆ ಮೊಳಕೆ ಒಡೆಯುತ್ತಲೇ ಹಿಂಡು ನುಗ್ಗಿದರೆ ಒಂದೇ ರಾತ್ರಿಯಲ್ಲಿ ಹೊಲ ಬರಿದು. ‘ಚಿಗರಿಗೆ ಕಾಯ್ದೆ ಐತಿ, ನಮಗೇನೈತ್ರಿ?’ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕು. ವನ್ಯಪ್ರಾಣಿಗಳಿಂದಾದ ಬೆಳೆಹಾನಿಗೆ ಮಹಾರಾಷ್ಟ್ರ ಸರ್ಕಾರ ಪರಿಹಾರ ಕೊಡುತ್ತದೆ, ಚಿಗರಿಯೂ ಅದರಲ್ಲಿ ಸೇರಿದೆ. ಆದರೆ ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಮರಾಠಿ ಅರ್ಜಿ ತುಂಬುವುದೇ ಒಂದು ಗೋಳು. ಹಕ್ಕಿನ ಹಣ ಅರ್ಜಿಯ ಭಾಷೆಯಲ್ಲೇ ಸಿಕ್ಕಿಬೀಳಬಾರದು.

ಹೊಲ ಕಾಯುವುದು ಬೇರೆ, ಹಬ್ಬ, ರಜೆ ಎಂದು ಗುಂಪುಗೂಡಿ ಮಾಳದಲ್ಲಿ ನಾಯಿ ಓಡಿಸುವ ಶೋಕಿ ಬೇರೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ತಾಯಿ ಚಿಗರಿ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ಮೇಯಲು ಹೋಗುತ್ತದೆ. ನಾಯಿಗೆ ಮೊದಲು ಸಿಗುವುದು ಆ ಮರಿಯೇ. ತಪ್ಪಿಸಿಕೊಂಡ ಚಿಗರಿಯೂ ಓಡಿದ ಆಯಾಸಕ್ಕೆ ಆಮೇಲೆ ಸಾಯುವುದುಂಟು.

ಇದರಲ್ಲಿ ನಾಯಿಯ ತಪ್ಪೇನೂ ಇಲ್ಲ. ಮುಧೋಳ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ಸಿಕ್ಕಿತು, ಸೈನ್ಯವೂ ಅದಕ್ಕೆ ತರಬೇತಿ ಕೊಟ್ಟಿತು. ಅಂಥ ತಳಿಯನ್ನು ಸಾಕುವವರು ಅದರ ಮಾನವನ್ನೂ ಕಾಯಬೇಕು.

ಈ ಸೀಮೆಗೆ ಒಂದು ಪಾಠ ಆಗಲೇ ಆಗಿದೆ. ಎರೆಭೂತ ಹಕ್ಕಿಗಾಗಿ 1979ರಲ್ಲಿ ನಾನ್ನಜ ಅಭಯಾರಣ್ಯ ಘೋಷಣೆಯಾಯಿತು. ಇಂದು ಅಲ್ಲಿ ಆ ಹಕ್ಕಿ ಕಾಣುವುದೇ ಅಪರೂಪ. ಚಿಗರಿಗೂ ಅದೇ ಗತಿ ಬರಬೇಕೇ?

ಆಗಬೇಕಾದದ್ದು ಇಷ್ಟೆ. ಗ್ರಾಮ ಪಂಚಾಯಿತಿಗಳು ಬೇಟೆತಳಿಯ ನಾಯಿಗಳ ಪಟ್ಟಿ ಇಟ್ಟುಕೊಳ್ಳಲಿ. ಮಾಳದ ಕಡೆ ಅವುಗಳನ್ನು ಹಗ್ಗವಿಲ್ಲದೆ ಒಯ್ಯಬಾರದೆಂದು ಗ್ರಾಮಸಭೆ ಠರಾವು ಮಾಡಲಿ. ಅರಣ್ಯ ಇಲಾಖೆ ಕನ್ನಡದಲ್ಲೂ ಫಲಕ, ಅರ್ಜಿ ಒದಗಿಸಲಿ; ಪಂಚನಾಮೆ ತಡವಿಲ್ಲದೆ ಆಗಲಿ. ಬೇಟೆ ಕಂಡವರು 1926ಕ್ಕೆ ಫೋನ್ ಮಾಡಲಿ. ಪರಿಹಾರ ಹೊತ್ತಿಗೆ ಸರಿಯಾಗಿ ಕೈಸೇರಿದರೆ ರೈತ ನಾಯಿಯ ಹಗ್ಗ ಬಿಚ್ಚುವ ಪ್ರಸಂಗವೇ ಬರುವುದಿಲ್ಲ. ಇಲಾಖೆ ದಂಡಕ್ಕೆ ತೋರುವ ಚುರುಕನ್ನು ಪರಿಹಾರಕ್ಕೂ ತೋರಿಸಬೇಕು.