ಮಿಲ್ಲಿಗೆ ಕಾಯ್ದೆ, ಫೋನಿಗೆ ಪ್ರಕಟಣೆ

ನೂರು ಜನ ದುಡಿಯುವ ಮಿಲ್ಲೊಂದನ್ನು ಮುಚ್ಚಬೇಕೆಂದರೆ ಮಾಲೀಕ 90 ದಿನ ಮುಂಚೆ ಸರ್ಕಾರದ ಅನುಮತಿ ಕೇಳಬೇಕು, ಕಾರಣ ಹೇಳಬೇಕು. ಅನುಮತಿ ಸಿಕ್ಕರೂ, ಕಾರ್ಮಿಕ ದುಡಿದ ಒಂದೊಂದು ವರ್ಷಕ್ಕೂ 15 ದಿನದ ಸರಾಸರಿ ಸಂಬಳದಂತೆ ಪರಿಹಾರ ಕಟ್ಟಿಕೊಡಬೇಕು. ಕೈಗಾರಿಕಾ ವಿವಾದಗಳ ಕಾಯ್ದೆ ದಶಕಗಳ ಕಾಲ ಹೇಳಿದ್ದು ಇದನ್ನು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಆ ನೂರನ್ನು ಮುನ್ನೂರು ಮಾಡಿ ಮಾಲೀಕರ ಕೈ ಸಡಿಲಿಸಿತು, ತತ್ವವನ್ನು ಮಾತ್ರ ಬಿಡಲಿಲ್ಲ. ಬೆಂಗಳೂರಿನ ಬಿನ್ನಿಪೇಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1884ರಲ್ಲಿ ಶುರುವಾಗಿ ಎರಡೇ ವರ್ಷಕ್ಕೆ ಬಿನ್ನಿ ಕಂಪನಿಯ ಕೈ ಸೇರಿದ ಉಣ್ಣೆ, ಹತ್ತಿ, ರೇಷ್ಮೆಯ ಮಿಲ್ಲಿನ ಹೆಸರೇ ಈ ಪೇಟೆಯ ಹೆಸರು. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟು, ಮಾಲು ಎದ್ದಿವೆ. ಕಾಯ್ದೆ ಇದ್ದ ಕಡೆಯೆಲ್ಲ ಕಾರ್ಮಿಕನಿಗೆ ನ್ಯಾಯ ದಕ್ಕಿತು ಎಂದು ಯಾರೂ ಎದೆ ತಟ್ಟಿ ಹೇಳಲಾರರು. ಆದರೂ ಮುಚ್ಚುವುದು ಮಾಲೀಕನೊಬ್ಬನ ಸ್ವಂತ ವಿಚಾರವಲ್ಲ ಎಂಬಷ್ಟನ್ನು ಈ ದೇಶ ಒಪ್ಪಿಕೊಂಡಿದೆ.

ಫೋನಿನ ವಿಷಯದಲ್ಲಿ ಅಷ್ಟನ್ನೂ ಒಪ್ಪಿಲ್ಲ. ಸ್ಯಾಮ್‌ಸಂಗ್‌ನ ಟೈಜೆನ್ ಕಥೆ ನೋಡಿ. ಆಂಡ್ರಾಯ್ಡ್‌ನ ಹಂಗು ತೊರೆಯಬೇಕೆಂದು ಆ ಕಂಪನಿ ಬೆಳೆಸಿದ ಆಪರೇಟಿಂಗ್ ಸಿಸ್ಟಂ ಅದು, ಲಿನಕ್ಸ್ ಕುಲದ್ದು. ಅದರ ಮೊದಲ ಫೋನು ಝಡ್1 ಮಾರುಕಟ್ಟೆಗೆ ಬಂದದ್ದು ಕೊರಿಯಾದಲ್ಲಲ್ಲ, ಅಮೆರಿಕದಲ್ಲಲ್ಲ, ಭಾರತದಲ್ಲಿ. 2015ರ ಜನವರಿ, ಬೆಲೆ 5,700 ರೂಪಾಯಿ, ನಾಲ್ಕು ಇಂಚಿನ ಪರದೆ, 768 ಎಂಬಿ ರ್‍ಯಾಮ್. ಅದೇ ವರ್ಷದ ಜುಲೈನಲ್ಲಿ ಟೈಜೆನ್ ಡೆವಲಪರ್ ಸಮ್ಮೇಳನ ನಡೆದದ್ದೂ ನಮ್ಮ ಬೆಂಗಳೂರಿನಲ್ಲೇ. ಝಡ್3, ಝಡ್2, 2017ರಲ್ಲಿ ಝಡ್4 ಬಂದವು. ಅಲ್ಲಿಗೆ ಸರಣಿ ನಿಂತಿತು. 2021 ಮುಗಿಯುವ ಹೊತ್ತಿಗೆ ಟೈಜೆನ್ ಸ್ಟೋರ್ ಕೂಡ ಬಾಗಿಲು ಹಾಕಿತು. ಫೋನು ಕೆಟ್ಟಿರಲಿಲ್ಲ. ಹೊಸ ಆ್ಯಪ್ ಹಾಕಿಕೊಳ್ಳುವ ದಾರಿ ಮುಚ್ಚಿತ್ತು, ಅಷ್ಟೆ.

ಸ್ಟೋರ್ ಇದ್ದಾಗಲೂ ಅದರ ಪಾಡು ಹೇಳಿಕೊಳ್ಳುವಂತಿರಲಿಲ್ಲ. ಆ್ಯಪ್ ಬರೆಯುವವರು ಜನ ಇದ್ದಲ್ಲಿಗೆ ಹೋಗುತ್ತಾರೆ, ಜನ ಆ್ಯಪ್ ಇದ್ದಲ್ಲಿಗೆ ಹೋಗುತ್ತಾರೆ. ಈ ಸುತ್ತಿನಿಂದ ಹೊರಬರಲು ಆಂಡ್ರಾಯ್ಡ್ ಆ್ಯಪ್‌ಗಳನ್ನೇ ಟೈಜೆನ್ ಮೇಲೆ ಓಡಿಸುವ ಎಸಿಎಲ್ ಎಂಬ ಎರವಲು ಏರ್ಪಾಡೂ ಇತ್ತು. ಸ್ವಂತ ಮನೆ ಕಟ್ಟಿಕೊಂಡು ಅಡುಗೆಗೆ ಪಕ್ಕದ ಮನೆಯ ಒಲೆ ನಂಬಿದ ಹಾಗೆ. ಸೋತದ್ದು ಆಶ್ಚರ್ಯವಲ್ಲ. ವಿಂಡೋಸ್ ಫೋನಿಗೂ ಇದೇ ಆಯಿತು. 2012ರಲ್ಲಿ ವಿಂಡೋಸ್ ಫೋನ್ 8 ಪ್ರಕಟವಾದಾಗ, ಅಂಗಡಿಯಲ್ಲಿ ಆಗಿನ್ನೂ ಮಾರಾಟವಾಗುತ್ತಿದ್ದ ಲೂಮಿಯಾ ಎಂಬ ವಿಂಡೋಸ್ ಫೋನುಗಳಿಗೇ ಅದು ಸಿಗುವುದಿಲ್ಲ ಎಂದು ಹೇಳಿಬಿಟ್ಟರು.

ಸೋಲಿನ ಬಗ್ಗೆ ನನ್ನ ತಕರಾರಿಲ್ಲ. ಹೊಸದನ್ನು ಮಾಡಿ ನೋಡುವ ಹಕ್ಕು, ನಷ್ಟವಾದರೆ ಕೈಬಿಡುವ ಹಕ್ಕು ಎರಡೂ ಕಂಪನಿಗೆ ಇರಲಿ. ಎರಡೇ ಆಪರೇಟಿಂಗ್ ಸಿಸ್ಟಂಗಳ ಕೈಗೆ ಇಡೀ ಲೋಕ ಸಿಕ್ಕಿರುವಾಗ ಮೂರನೆಯದೊಂದು ತಲೆ ಎತ್ತುವುದು ಒಳ್ಳೆಯದೇ. ಪ್ರಶ್ನೆ ಬೇರೆ: ಆ ಪ್ರಯೋಗದ ಖರ್ಚು ಯಾರ ಲೆಕ್ಕಕ್ಕೆ? ಲಕ್ಷಕ್ಕೆ ಹತ್ತಿರದ ಬೆಲೆಯ ಫೋನು ಕೊಳ್ಳುವವನ ಮೇಲೆ ಟೈಜೆನ್ ಪ್ರಯೋಗ ನಡೆಯಲಿಲ್ಲ. ಮೊದಲ ಸಲ ಸ್ಮಾರ್ಟ್‌ಫೋನ್ ಹಿಡಿಯುವವನ ಮೇಲೆ ನಡೆಯಿತು. ಇನ್ನೊಂದು ಕೊಳ್ಳಲು ತಿಂಗಳುಗಟ್ಟಲೆ ಕಾಯಬೇಕಾದವನು ಅವನೇ. ಅದೇ ಕಂಪನಿ 2024ರಲ್ಲಿ ತನ್ನ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ಘೋಷಿಸಿತು. ಅಂದರೆ ಮಾಡಲು ಬರುವುದಿಲ್ಲ ಎಂದೇನಲ್ಲ. ಟೈಜೆನ್ ಸತ್ತೂ ಇಲ್ಲ, ಸ್ಯಾಮ್‌ಸಂಗ್ ಟಿವಿಗಳೊಳಗೆ ಇಂದಿಗೂ ಚೆನ್ನಾಗಿಯೇ ಇದೆ. ದಾರಿಯಲ್ಲಿ ಇಳಿಸಿಹೋದದ್ದು ಫೋನಿನವರನ್ನು.

ಬೆಲೆ ಕಡಿಮೆ, ಆದ್ದರಿಂದ ಆಯಸ್ಸೂ ಕಡಿಮೆ, ಕೊಳ್ಳುವವನಿಗೆ ಅಷ್ಟು ತಿಳಿಯಬಾರದೇ ಎನ್ನುವವರಿದ್ದಾರೆ. ತಿಳಿಯುವುದು ಹೇಗೆ? ಚಪ್ಪಲಿಯ ಅಟ್ಟೆ ಸವೆದದ್ದು ಕಾಣುತ್ತದೆ. ಸಾಫ್ಟ್‌ವೇರ್ ಸವೆಯುವುದಿಲ್ಲ, ಯಾರೋ ನಿಲ್ಲಿಸುತ್ತಾರೆ. ನಿಲ್ಲಿಸುವ ದಿನ ಗೊತ್ತಿರುವುದು ನಿಲ್ಲಿಸುವವರಿಗೆ ಮಾತ್ರ. ಒಡೆದ ಗಾಜನ್ನೂ ಸತ್ತ ಬ್ಯಾಟರಿಯನ್ನೂ ಬೆಂಗಳೂರಿನ ಎಸ್‌ಪಿ ರೋಡಿನ ಹುಡುಗರು ಗಂಟೆಯೊಳಗೆ ಬದಲಿಸಿಕೊಡುತ್ತಾರೆ. ಸಿಕ್ಕದ ಬಿಡಿಭಾಗವನ್ನು ಹಳೆ ಸೆಟ್ಟಿನಿಂದ ಕಿತ್ತು ಹಾಕುವ ಜಾಣ್ಮೆ ಅವರಿಗಿದೆ. ಆದರೆ ಆ್ಯಪ್‌ಗೆ ಅಂಕಿತ ಹಾಕುವ ಡಿಜಿಟಲ್ ಕೀ ಕಂಪನಿಯ ಸರ್ವರ್‌ನಲ್ಲಿದ್ದರೆ, ಎಷ್ಟು ಚಿಕ್ಕ ಸ್ಕ್ರೂಡ್ರೈವರ್ ಇದ್ದರೂ ಕೆಲಸಕ್ಕೆ ಬರುವುದಿಲ್ಲ.

ಅಪ್‌ಡೇಟ್ ಎಂದರೆ ಶೋಕಿ ಎಂದುಕೊಂಡವರಿಗೆ ಕನ್ನಡದ ಉದಾಹರಣೆ ಸಾಕು. ಆಂಡ್ರಾಯ್ಡ್ ತನ್ನ ಬುಡದಲ್ಲೇ ಕನ್ನಡಕ್ಕೆ ಜಾಗ ಕೊಟ್ಟದ್ದು 2012ರ ಜೆಲ್ಲಿಬೀನ್ ಆವೃತ್ತಿಯಲ್ಲಿ, ತೆಲುಗು ಮಲಯಾಳಂ ಜೊತೆಗೆ. ಅದಕ್ಕೆ ಮುಂಚಿನ ಎಷ್ಟೋ ಫೋನುಗಳಲ್ಲಿ ಕನ್ನಡ ಎಂದರೆ ಸಾಲಾಗಿ ಕೂತ ಖಾಲಿ ಚೌಕಗಳು. ಜೆಲ್ಲಿಬೀನ್ ಬಂದ ಮೇಲಾದರೂ ಹಳೆ ಫೋನಿಗೆ ಅದು ಇಳಿಯಬೇಕಾದರೆ ತಯಾರಕ ಮನಸ್ಸು ಮಾಡಬೇಕಿತ್ತು. ಬಹಳಷ್ಟು ತಯಾರಕರು ಮಾಡಲಿಲ್ಲ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದವರು 4.37 ಕೋಟಿ. ಅಷ್ಟು ಜನರ ನುಡಿಯೇ ಕಂಪನಿಯ ಲೆಕ್ಕದಲ್ಲಿ ಸಣ್ಣದಾಗಿ ಕಂಡಿತ್ತು. ಹಾಗಾಗಿ ‘ಸಣ್ಣ ಪ್ಲಾಟ್‌ಫಾರಂ, ಲೆಕ್ಕಕ್ಕಿಲ್ಲ’ ಎಂಬ ವಾದ ಕೇಳಿದಾಗ ಕನ್ನಡಿಗರಾದರೂ ಕಿವಿ ನಿಮಿರಿಸಬೇಕು.

ಹಾಗಾದರೆ ಕಂಪನಿಗಳಿಂದ ಕೇಳಬೇಕಾದ್ದೇನು? ಎಂದೆಂದಿಗೂ ನಡೆಸಿ ಎಂದು ಕೇಳುವುದು ಹುಚ್ಚು. ಮಾರುವ ದಿನವೇ ಕೊನೆಯ ದಿನ ಹೇಳಿ ಎನ್ನಬಹುದು. ನೀವು ಬಿಟ್ಟ ಮೇಲೆ ಬೇರೆಯವರು ರಿಪೇರಿ ಮಾಡಿಕೊಳ್ಳುವಂತೆ ಬೀಗ ತೆಗೆದಿಟ್ಟು ಹೋಗಿ ಎನ್ನಬಹುದು. ಎರಡರಲ್ಲಿ ಮೊದಲನೆಯದು ಸುಲಭ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದ, ಭದ್ರತಾ ಅಪ್‌ಡೇಟ್ ಕನಿಷ್ಠ ಎಷ್ಟು ಕಾಲ ಕೊಡುತ್ತೇವೆಂದು ತಯಾರಕರು ಹೇಳಲೇಬೇಕು. ಯುರೋಪಿಯನ್ ಒಕ್ಕೂಟ ಇನ್ನೂ ಮುಂದೆ ಹೋಗಿದೆ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಫೋನಿಗೆ, ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್, ಏಳು ವರ್ಷ ಮುಖ್ಯ ಬಿಡಿಭಾಗ. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಅದು ಕೊಡುವುದು ಮಾಹಿತಿಯನ್ನು. ಕಡ್ಡಾಯದ ಮಾತು ಅದರಲ್ಲಿಲ್ಲ.

ನಿಯಮ ಬಿಗಿಯಾದರೆ ಅಗ್ಗದ ಫೋನಿನ ಬೆಲೆ ಏರುತ್ತದೆ, ಬಡವನಿಗೇ ಹೊಡೆತ ಎಂಬುದು ಆಕ್ಷೇಪಗಳಲ್ಲೆಲ್ಲ ಗಟ್ಟಿಯಾದದ್ದು. ಬೆಲೆ ಏರಬಹುದು, ನಿಜ. ಸಣ್ಣ ಪ್ಲಾಟ್‌ಫಾರಂ ಕಟ್ಟುವ ಧೈರ್ಯವೂ ಕುಗ್ಗಬಹುದು, ಆ ನಷ್ಟ ನನಗೆ ಹೆಚ್ಚು ಚಿಂತೆಯದು. ಅದಕ್ಕೇ ನಾನು ಐದು ವರ್ಷದ ಕಡ್ಡಾಯಕ್ಕಿಂತ ದಿನಾಂಕದ ಕಡ್ಡಾಯಕ್ಕೆ ಮೊದಲು ಒತ್ತು ಕೊಡುತ್ತೇನೆ. ಎರಡೇ ವರ್ಷ ಎಂದಾದರೆ ಎರಡೇ ವರ್ಷ ಎಂದು ಡಬ್ಬಿಯ ಮೇಲೆ ಎಂಆರ್‌ಪಿ ಪಕ್ಕದಲ್ಲೇ ಅಚ್ಚಾಗಲಿ. ತಯಾರಾದ ತಿಂಗಳನ್ನು ಮುದ್ರಿಸುವವರಿಗೆ ಇನ್ನೊಂದು ತಿಂಗಳು ಮುದ್ರಿಸುವುದು ಭಾರವಲ್ಲ. 5,700 ರೂಪಾಯಿಯ ಡಬ್ಬಿಯ ಮೇಲೆ ಅಂಥದೊಂದು ಸಾಲು ಇದ್ದಿದ್ದರೆ ಅದು ಆಗಲೂ ಮಾರಾಟವಾಗುತ್ತಿತ್ತೋ ಏನೋ. ಕೊಳ್ಳುವವನಿಗೆ ಅಂಗಡಿಯಲ್ಲಿ ಚೌಕಾಸಿ ಮಾಡಲು ಒಂದು ಆಧಾರವಂತೂ ಸಿಗುತ್ತಿತ್ತು.