ಮೈಕ್ ಹಿಂದಿನ ಸಾಲಿಗೂ ಹೋಗಲಿ

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿಹೋದಾಗ ಹೊಸಪೇಟೆಗೆ, ನವೆಂಬರ್‌ನ ಉಪಚುನಾವಣೆಗೆ ಸಂಡೂರಿಗೆ ಸುದ್ದಿವಾಹಿನಿಗಳು ಧಾವಿಸಿದವು. ಇಂಥ ಹೊತ್ತಿನಲ್ಲಿ ಊರು ಬಲ್ಲ ಫ್ರೀಲಾನ್ಸ್ ಪ್ರೊಡ್ಯೂಸರ್ ಬೇಕಾಗುತ್ತಾರೆ. ಚರ್ಚೆಗೆ ಜನ ಸೇರಿಸುವುದು, ಪಕ್ಷಗಳ ವಕ್ತಾರರನ್ನು ಒಪ್ಪಿಸುವುದು, ಮೈಕ್ ಯಾರಿಗೆ ಎಂದು ಕ್ಷಣದಲ್ಲಿ ತೀರ್ಮಾನಿಸುವುದು ಅವರ ಕೆಲಸ. ಮತದಾನ ಮುಗಿಯುವ ಹಿಂದಿನ 48 ಗಂಟೆ ಚುನಾವಣಾ ಚರ್ಚೆ ಬಿತ್ತರಿಸುವಂತಿಲ್ಲ ಎಂಬ ಕಾನೂನೂ ಗೊತ್ತಿರಬೇಕು.

ಆದರೆ ಓಬಿ ವ್ಯಾನ್ ಊರು ಬಿಟ್ಟರೆ ಕೆಲಸವೂ ಮುಗಿಯಿತು. ಮುಂದಿನ ಕರೆಯ ಆಸೆಗೆ, ಗದ್ದಲ ಎಬ್ಬಿಸುವವರಿಗೇ ಮೈಕ್ ಕೊಡುವ ಒತ್ತಡ ಹುಟ್ಟುವುದು ಇಲ್ಲಿಯೇ. ನಾಲೆ ನೀರನ್ನೇ ನಂಬಿದ ಕಂಪ್ಲಿಯ ಭತ್ತದ ರೈತ, ಗಣಿ ಲಾರಿಗಳ ದೂಳು ಕುಡಿಯುವ ಸಂಡೂರಿನ ಹುಡುಗಿ ಹಿಂದಿನ ಸಾಲಿನಲ್ಲೇ ಉಳಿಯುತ್ತಾರೆ.

ಈ ಕೆಲಸಕ್ಕೆ ಹೋಗುವ ಗೆಳೆಯರೇ, ದಿನದ ಸಂಭಾವನೆಯನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಕೂಲಿ ಖಾತ್ರಿಯಿದ್ದರೆ ಮೈಕನ್ನು ಹಿಂದಿನ ಸಾಲಿಗೆ ಒಯ್ಯುವ ಧೈರ್ಯ ಬರುತ್ತದೆ.