ಮೋಟು ವರ್ಣತಂತು

ಕೊಳಾಯಿಯ ನೀರಿಗೂ ಕ್ಯಾನ್ಸರ್ ಸಂಶೋಧನೆಗೂ ನಂಟಿದೆಯೆಂದರೆ ವಾಚಕರು ನಕ್ಕಾರು. ನಂಟು ಇದೆ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಪೀಟರ್ ನೋವೆಲ್ ಎಂಬ ವೈದ್ಯರು ರಕ್ತಕ್ಯಾನ್ಸರಿನ ಜೀವಕೋಶಗಳನ್ನು ಗಾಜಿನ ಮೇಲೆ ಬೆಳೆಸಿ ಕೊಳಾಯಿಯ ನೀರಿನಲ್ಲಿ ತೊಳೆದರು. ಕೋಶಗಳು ನೀರು ಹೀರಿ ಉಬ್ಬಿದವು. ಒಂದರೊಳಗೊಂದು ಹೆಣೆದುಕೊಂಡಿದ್ದ ವರ್ಣತಂತುಗಳು ಬಿಡಿಬಿಡಿಯಾಗಿ ಕಂಡವು. ಆ ಶಾಸ್ತ್ರ ತಮಗೆ ತಿಳಿಯದಾದ್ದರಿಂದ ಅವರು ಡೇವಿಡ್ ಹಂಗರ್‌ಫರ್ಡ್ ಎಂಬ ತರುಣನ ನೆರವು ಪಡೆದರು. ಮನುಷ್ಯನ ವರ್ಣತಂತುಗಳು 46 ಎಂಬುದು 1956ರಲ್ಲಷ್ಟೇ ನಿಶ್ಚಯವಾಗಿತ್ತು. ಕ್ರಾನಿಕ್ ಮಯಲಾಯ್ಡ್ ಲ್ಯುಕೀಮಿಯಾ ಎಂಬ, ಮೆಲ್ಲಗೆ ಬೆಳೆಯುವ ರಕ್ತಕ್ಯಾನ್ಸರಿನವರಲ್ಲಿ ಒಂದು ವರ್ಣತಂತು ಮೋಟಾಗಿದೆಯೆಂದು ಇವರಿಬ್ಬರೂ 1960ರಲ್ಲಿ ಪ್ರಕಟಿಸಿದರು.

ತುಂಡಾದ ಚೂರು ಎಲ್ಲಿ ಹೋಯಿತು? ಉತ್ತರ ದೊರೆತದ್ದು ಶಿಕಾಗೋ ನಗರದ ಒಂದು ಊಟದ ಮೇಜಿನ ಮೇಲೆ. ನಾಲ್ಕು ಮಕ್ಕಳ ತಾಯಿ, ಡಾಕ್ಟರ್ ಜ್ಯಾನೆಟ್ ರೌಲಿ, ವರ್ಣತಂತುಗಳ ಚಿತ್ರಗಳನ್ನು ಕತ್ತರಿಯಿಂದ ಕತ್ತರಿಸಿ ಮೇಜಿನ ಮೇಲೆ ಜೋಡಿಸುತ್ತಿದ್ದರು. ಅಮ್ಮ ಕಾಗದದ ಗೊಂಬೆಯಾಡುತ್ತಾಳೆಂದು ಮಕ್ಕಳು ಪರಿಹಾಸ್ಯ ಮಾಡುತ್ತಿದ್ದರಂತೆ! 22ನೆಯ ವರ್ಣತಂತುವಿನ ಚೂರು 9ನೆಯದರ ತುದಿಗೆ ಅಂಟಿಕೊಂಡಿರುವುದನ್ನು ಆಕೆ 1973ರಲ್ಲಿ ತಿಳಿಸಿದರು. 9ನೆಯದರ ಚೂರೂ ಇತ್ತ ಬಂದು 22ನೆಯದಕ್ಕೆ ಸೇರಿತ್ತು.

ಅನರ್ಥವಿರುವುದು ಈ ಬೆಸುಗೆಯಲ್ಲಿ. ಎರಡು ಗ್ರಂಥಗಳಿಂದ ಹರಿದ ಅರ್ಧರ್ಧ ಹಾಳೆಗಳನ್ನು ಅಂಟಿಸಿದರೆ ಯಾರೂ ಬರೆಯದ ವಾಕ್ಯವೊಂದು ಹುಟ್ಟುವಂತೆ, ಇಲ್ಲಿ ಎರಡು ಜೀನುಗಳು ಕೂಡಿ ಹೊಸದೊಂದು ಪ್ರೋಟೀನು ಹುಟ್ಟುತ್ತದೆ. ಬಿಳಿಯ ರಕ್ತಕಣಗಳಿಗೆ 'ಹೆಚ್ಚಿರಿ, ಹೆಚ್ಚಿರಿ' ಎಂದು ಅದು ಎಡೆಬಿಡದೆ ಆಜ್ಞೆ ಮಾಡುತ್ತದೆ. ಇಮ್ಯಾಟಿನಿಬ್ ಎಂಬ ಔಷಧ ಆ ಪ್ರೋಟೀನಿನ ಸಂದಿನಲ್ಲಿ ಹೋಗಿ ಕೂರುತ್ತದೆ, ಬೀಗದ ರಂಧ್ರದಲ್ಲಿ ಕಡ್ಡಿ ಮುರಿದು ಸಿಕ್ಕಿಸಿದಂತೆ. ಬ್ರಯನ್ ಡ್ರೂಕರ್ ಮತ್ತು ಅವರ ಸಂಗಡಿಗರು 1998ರಲ್ಲಿ ಇದನ್ನು ರೋಗಿಗಳಿಗೆ ಕೊಡಲಾರಂಭಿಸಿದರು. ಹಳೆಯ ಚಿಕಿತ್ಸೆ ಫಲಿಸದೆ ಬಂದವರು ಅವರು. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸರಿಹೋಯಿತು. 2001ರಲ್ಲಿ ಅಮೆರಿಕ ಸರ್ಕಾರದ ಅನುಮತಿ ದೊರೆಯಿತು. ಮರುವರ್ಷ ಅದೇ ಗುಳಿಗೆ ಜಠರದ ಒಂದು ವಿರಳ ಗಂತಿಗೂ ಮದ್ದಾಯಿತು. ರಕ್ತವೆಲ್ಲಿ, ಜಠರವೆಲ್ಲಿ! ಎರಡರಲ್ಲಿಯೂ ಕೆಟ್ಟಿದ್ದ ಪ್ರೋಟೀನುಗಳು ದಾಯಾದಿಗಳು, ಅಷ್ಟೆ. ಆದುದರಿಂದಲೇ ಈಗಿನ ವೈದ್ಯರು ಕ್ಯಾನ್ಸರ್ ಎಲ್ಲಿ ಹುಟ್ಟಿತೆಂದು ಕೇಳಿ ಸುಮ್ಮನಾಗದೆ, ಯಾವ ತಪ್ಪಿನಿಂದ ಹುಟ್ಟಿತೆಂದೂ ಪರೀಕ್ಷಿಸುತ್ತಾರೆ.

ಆದರೆ ಎಲ್ಲ ಕ್ಯಾನ್ಸರುಗಳೂ ಇಷ್ಟು ಸರಳವಲ್ಲ. 2006ರಲ್ಲಿ ಅಮೆರಿಕದಲ್ಲಿ ಆರಂಭವಾದ ಕ್ಯಾನ್ಸರ್ ಜೀನೋಮ್ ಯೋಜನೆಯಲ್ಲಿ 33 ಬಗೆಯ ಕ್ಯಾನ್ಸರುಗಳ, 11,000ಕ್ಕೂ ಹೆಚ್ಚು ರೋಗಿಗಳ ಮಾದರಿಗಳನ್ನು ಶೋಧಿಸಿದರು. ಧೂಮಪಾನಿಯ ಶ್ವಾಸಕೋಶದ ಗಂತಿಯಲ್ಲಿ ಸಾವಿರಾರು ತಪ್ಪುಗಳಿರುವುದುಂಟು. ಮೂಲ ದ್ರೋಹಿ ಯಾವುದೆಂದು ಹೆಕ್ಕುವುದೇ ಸಾಹಸ. ಮೋಟು ವರ್ಣತಂತುವಿನ ರೋಗದಲ್ಲಿಯೂ ಒಮ್ಮೊಮ್ಮೆ ಪ್ರೋಟೀನು ರೂಪ ಬದಲಿಸಿ ಗುಳಿಗೆಯನ್ನು ಹೊರದೂಡುತ್ತದೆ.

ಬಹುಮಂದಿ ಈ ಗುಳಿಗೆಯನ್ನು ವರ್ಷಗಟ್ಟಲೆ ದಿನವೂ ನುಂಗಬೇಕು. ನಮ್ಮ ದೇಶದಲ್ಲಿ ನೊವಾರ್ಟಿಸ್ ಕಂಪನಿಯ ಗುಳಿಗೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ, ದೇಶೀಯ ಕಾರ್ಖಾನೆಗಳದಕ್ಕೆ ಸುಮಾರು 8,000 ರೂಪಾಯಿ ಎಂದು ಲೆಕ್ಕ ಹೇಳುತ್ತಿದ್ದ ಕಾಲವಿತ್ತು. ಆ ಕಂಪನಿ ಪೇಟೆಂಟು ಬೇಡಿ ಸಲ್ಲಿಸಿದ್ದ ಮೇಲ್ಮನವಿಯನ್ನು 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಅಗ್ಗದ ಗುಳಿಗೆ ಅಂಗಡಿಯಲ್ಲಿ ಉಳಿಯಿತು.